ದಡಾರದ ಪರೀಕ್ಷೇಲಿ 93 ಬಂದ್ರೂ ಫೇಲೇ

2025ರ ಏಪ್ರಿಲ್ 24ನೇ ತಾರೀಕು ಕೇಂದ್ರ ಆರೋಗ್ಯ ಮಂತ್ರಿ ಜೆ.ಪಿ. ನಡ್ಡಾ ಅವ್ರು ದಡಾರ-ರುಬೆಲ್ಲಾ ನಿರ್ಮೂಲನೆಗೆ ಅಂತ ಹೊಸ ಅಭಿಯಾನ ಶುರು ಮಾಡಿದ್ರಲ್ಲ, ಆವಾಗ ಕೊಟ್ಟ ಲೆಕ್ಕ ಹೀಗಿತ್ತು: ಮೊದಲ್ನೇ ಡೋಸ್ ತಗೊಂಡ ಮಕ್ಳು ನೂರಕ್ಕೆ 93.7, ಎರಡನೇ ಡೋಸ್ 92.2. ನಮ್ ಸ್ಟಾಫ್ ರೂಮಲ್ಲಿ ಪೇಪರ್ ಓದ್ತಿದ್ದ ಒಬ್ರು "ಡಿಸ್ಟಿಂಕ್ಷನ್ ಬಂದಿದೆ ಕಣ್ರೀ, ಇನ್ನೇನ್ ಬೇಕಂತೆ ಇವ್ರಿಗೆ" ಅಂದ್ರು. ಮೇಷ್ಟ್ರಲ್ವಾ ನಾವು, ಮಾರ್ಕ್ಸ್ ಬಿಟ್ರೆ ಬೇರೆ ಭಾಷೆ ಬರಲ್ಲ. ಸರಿ ಅದೇ ಭಾಷೇಲೇ ಹೇಳ್ತೀನಿ, ಈ ಪರೀಕ್ಷೇಲಿ ಪಾಸ್ ಆಗೋಕೆ 95 ಬೇಕು, ಎರಡು ಪೇಪರಲ್ಲೂ ಬೇರೆ ಬೇರೆಯಾಗಿ 95, ಅದೂ ಇಡೀ ಕ್ಲಾಸಿನ ಸರಾಸರಿ ಅಲ್ಲ, ಪ್ರತಿ ಜಿಲ್ಲೆ ಪ್ರತಿ ಹಳ್ಳಿ ಪ್ರತಿ ಬಡಾವಣೆ. ಒಂದ್ ತಾಲ್ಲೂಕಲ್ಲಿ 99 ಬಂದು ಪಕ್ಕದ ತಾಲ್ಲೂಕಲ್ಲಿ 80 ಬಂದ್ರೆ ವೈರಸ್ಸು ಆ 80 ಇರೋ ಕಡೇನೇ ಸೇರ್ಕೊಳತ್ತೆ.

ಯಾಕಷ್ಟು ಅಂದ್ರೆ ದಡಾರದಷ್ಟು ಬೇಗ ಹರಡೋ ಕಾಯಿಲೆ ಇನ್ನೊಂದು ಸಿಗೋದು ಕಷ್ಟ. ಯಾರಿಗೂ ರಕ್ಷಣೆ ಇಲ್ದಿರೋ ಜಾಗದಲ್ಲಿ ಒಂದ್ ಮಗುವಿಗೆ ಬಂದ್ರೆ ಅದ್ರಿಂದ 12ರಿಂದ 18 ಜನಕ್ಕೆ ಅಂಟತ್ತೆ. ಮುಟ್ಟೋದೇನೂ ಬೇಡ, ಕೆಮ್ಮಿದ ಮಗು ರೂಮಿಂದ ಆಚೆ ಹೋಗಿ ಎರಡು ಗಂಟೆವರೆಗೂ ಗಾಳೀಲಿ ವೈರಸ್ ಇರತ್ತೆ. ಇನ್ನೊಂದು ತೊಂದ್ರೆ, ಮೈಮೇಲೆ ಕೆಂಪು ಗುಳ್ಳೆ ಏಳೋಕೆ ನಾಲ್ಕು ದಿನ ಮುಂಚೆನೇ ಮಗು ಬೇರೆಯವ್ರಿಗೆ ಹರಡೋಕೆ ಶುರು ಮಾಡಿರತ್ತೆ, ಆವಾಗ ಇರೋದು ಜ್ವರ, ಮೂಗು ಸೋರೋದು, ಕಣ್ಣು ಕೆಂಪಗಾಗೋದು, ಯಾವ ತಾಯಿ ತಾನೆ ನೆಗಡಿ ಅಂತ ಮಗೂನ ಸ್ಕೂಲಿಗೆ ಕಳಿಸ್ದೆ ಇರ್ತಾಳೆ, ನಾವು ಮೇಷ್ಟ್ರುಗಳೂ ಅಟೆಂಡೆನ್ಸ್ ಅಟೆಂಡೆನ್ಸ್ ಅಂತ ಕರೆಸ್ಕೋತೀವಿ.

ನಿರ್ಮೂಲನೆಯ ಗುರಿ ಮುಂದೆ ಹೋಗಿದ್ದೂ ಒಂದ್ಸಲ ಅಲ್ಲ. ಮೊದ್ಲು 2020 ಅಂದ್ರು, ಆಮೇಲೆ 2023 ಆಯ್ತು, ಈಗ 2026. ಇದನ್ನ ನೋಡಿ ಸರ್ಕಾರದ ಕೆಲಸಾನೇ ಇಷ್ಟು ಅಂತ ಕೈ ತೊಳ್ಕೊಳೋರು ತುಂಬಾ ಜನ ಇದಾರೆ, ನಾನು ಹಾಗೆ ಅನ್ನಲ್ಲ. ಪೋಲಿಯೋ ಹೋಯ್ತಲ್ಲ, ದಡಾರ ಯಾಕೆ ಹೋಗಲ್ಲ ಅಂತಾನೂ ಕೇಳ್ತಾರೆ. ಪೋಲಿಯೋದ ಕಡೇ ಕೇಸ್ 2011ರ ಜನವರೀಲಿ ಬಂಗಾಳದ ಹೌರಾದಲ್ಲಿ, ಮೂರು ವರ್ಷ ಕಾದು 2014ರ ಮಾರ್ಚಲ್ಲಿ ಸರ್ಟಿಫಿಕೇಟ್ ಸಿಕ್ತು. ಆದ್ರೆ ಪೋಲಿಯೋಗೆ ಎರಡು ಹನಿ ಬಾಯಿಗೆ ಬಿಟ್ರೆ ಮುಗೀತು, ಬಸ್ ಸ್ಟ್ಯಾಂಡಲ್ಲಿ, ಸಂತೇಲಿ, ರೈಲಲ್ಲಿ, ಮನೆ ಬಾಗಿಲಲ್ಲಿ, ಅರ್ಧ ದಿನ ಟ್ರೈನಿಂಗ್ ತಗೊಂಡ ಯಾರು ಬೇಕಾದ್ರೂ ಹಾಕ್ಬೋದಿತ್ತು, ನಾವೂ ಭಾನುವಾರದ ಬೂತಲ್ಲಿ ಕೂತು ಹಾಕಿದೀವಿ. ದಡಾರದ್ದು ಸೂಜಿ. ನರ್ಸಮ್ಮನೇ ಬೇಕು, ಚುಚ್ಚಿದ ಮೇಲೆ ಅರ್ಧ ಗಂಟೆ ಮಗೂನ ಅಲ್ಲೇ ಕೂರಿಸ್ಕೋಬೇಕು, ಅಲರ್ಜಿ ಗಿಲರ್ಜಿ ಆದ್ರೆ ಕೊಡೋ ಔಷಧಿ ಕೈಯಳತೇಲಿರ್ಬೇಕು. ಬಾಗಿಲು ಬಾಗಿಲಿಗೆ ಹೋಗಿ ಚುಚ್ಚೋಕಾಗಲ್ಲ, ಮಗುನೇ ಸೂಜಿ ಇರೋ ಕಡೆ ಬರ್ಬೇಕು. ಇಲ್ಲೇ ನೋಡಿ ಅರ್ಧ ಕಷ್ಟ ಇರೋದು.

ಇನ್ನು ಆ ಬಾಟ್ಲಿ. ಬಾಟ್ಲಿ ಒಳಗಿರೋದು ನೀರಲ್ಲ, ಒಣಗಿಸಿದ ಪುಡಿ. ಜೊತೆಗೆ ಬರೋ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆ ಮಾತ್ರ, ಆಮೇಲೆ ಬಿಸಾಕ್ಲೇಬೇಕು. ಬೇರೆ ಕೆಲವು ಲಸಿಕೆಗಳ ಹಾಗೆ ತೆಗೆದ ಬಾಟ್ಲಿನ ಐಸ್ ಪೆಟ್ಟಿಗೇಲಿಟ್ಟು ಮುಂದಿನ ವಾರ ಬಳಸೋ ಹಾಗಿಲ್ಲ. ಬಿಸಿಲೂ ಆಗಲ್ಲ, ಬೆಳಕೂ ಆಗಲ್ಲ ಅದಕ್ಕೆ. ಒಂದು ಬಾಟ್ಲೀಲಿ ಹತ್ತು ಡೋಸ್ ಇದ್ದು ಆವತ್ತು ಸಬ್ ಸೆಂಟರಿಗೆ ಬಂದಿರೋದು ಎರಡೇ ಮಕ್ಳು ಅಂದ್ರೆ ಸಿಸ್ಟರ್ ಏನ್ ಮಾಡ್ಬೇಕು? ನಿಯಮ ಇರೋದು ಒಂದೇ ಮಗು ಬಂದ್ರೂ ಬಾಟ್ಲಿ ಒಡೀರಿ ಅಂತ. ಆದ್ರೆ ವೇಸ್ಟೇಜ್ ಯಾಕಿಷ್ಟು ಅಂತ ಮೇಲಿಂದ ಕೇಳ್ತಾರೆ ಅನ್ನೋ ಭಯ ಅವ್ರಿಗಿರತ್ತೆ, ಅದಕ್ಕೆ "ಅಕ್ಕಾ, ಮುಂದಿನ ಗುರುವಾರ ಬನ್ನಿ, ಇನ್ನೂ ನಾಲ್ಕು ಮಕ್ಳು ಬರ್ತಾವೆ" ಅಂತ ಕಳಿಸ್ತಾರೆ. ಮುಂದಿನ ಗುರುವಾರ ಆ ತಾಯಿಗೆ ನಾಟಿ ಕೆಲಸ. ಆ ಮಗು ಹಾಗೇ ಉಳ್ಕೊಳತ್ತೆ. ಎಂಟು ಡೋಸ್ ಚರಂಡಿಗೆ ಹೋದ್ರೂ ಪರ್ವಾಗಿಲ್ಲ ಅಂತ ನನ್ನ ಅಭಿಪ್ರಾಯ, ಲೆಕ್ಕ ಕೇಳೋರು ಆ ಉಳ್ಕೊಂಡ ಮಗುವಿನ ಲೆಕ್ಕಾನೂ ಕೇಳ್ಲಿ.

ಎರಡನೇ ಡೋಸ್ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಓದಿದವ್ರೂ ಇದನ್ನ ಬೂಸ್ಟರ್ ಅಂದ್ಕೊಂಡು, ಬೂಸ್ಟರ್ ತಾನೆ, ಲೇಟಾದ್ರೆ ಏನ್ಮಹಾ ಅಂತಾರೆ. ಹುಟ್ಟಿದ ಮಗೂಗೆ ತಾಯಿಯಿಂದ ಬಂದ ಪ್ರತಿಕಾಯ ಇರತ್ತೆ, ಮೊದಲ ಕೆಲವು ತಿಂಗಳು ದಡಾರ ಬರ್ದೇ ಇರೋ ಹಾಗೆ ಕಾಯೋದು ಅದೇನೇ. ಆದ್ರೆ ಅದು ಮೈಯಲ್ಲಿರೋವಾಗ ಲಸಿಕೆ ಹಾಕಿದ್ರೆ ಲಸಿಕೆಯ ವೈರಸ್ಸನ್ನೂ ಅದು ಅಡಗಿಸಿಬಿಡತ್ತೆ, ಲಸಿಕೆ ಹಿಡಿಯಲ್ಲ. ಒಂದು ವರ್ಷದವರೆಗೂ ಕಾದ್ರೆ ಚೆನ್ನಾಗಿ ಹಿಡಿಯತ್ತೆ, ಆದ್ರೆ ನಮ್ ದೇಶದಲ್ಲಿ ಅಷ್ಟರೊಳಗೆ ಕಾಯಿಲೆನೇ ಬಂದು ಸಾಯೋ ಮಕ್ಳಿದ್ವು. ಅದಕ್ಕೆ ನಡುವಿನ ದಾರಿ, ಒಂಬತ್ತು ತಿಂಗಳು ತುಂಬಿದ ಮೇಲೆ ಮೊದಲ್ನೇದು. ಈ ವಯಸ್ಸಲ್ಲಿ ನೂರು ಮಕ್ಳಿಗೆ ಹಾಕಿದ್ರೆ ಸುಮಾರು 85 ಮಕ್ಳಿಗೆ ಹಿಡಿಯತ್ತೆ, ಇನ್ನು 15 ಮಕ್ಳಿಗೆ ಕಾರ್ಡಲ್ಲಿ ಟಿಕ್ ಬಿದ್ದಿರತ್ತೆ, ರಕ್ಷಣೆ ಇರಲ್ಲ. ಯಾವ 15 ಅಂತ ನೋಡಿದ್ರೆ ಗೊತ್ತಾಗಲ್ಲ. 16ರಿಂದ 24 ತಿಂಗಳ ಒಳಗೆ ಕೊಡೋ ಎರಡನೇ ಡೋಸ್ ಇರೋದು ಆ 15 ಮಕ್ಳಿಗೋಸ್ಕರ. ಈಗ ಆ 93.7ನ ಇನ್ನೊಂದ್ಸಲ ನೋಡಿ, ನಿಜವಾಗಿ ರಕ್ಷಣೆ ಇರೋರು ಎಷ್ಟು ಕಮ್ಮಿ ಆಗ್ತಾರೆ ಅಂತ. ದಡಾರದ ಚುಚ್ಚುಮದ್ದು 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಿಂದ ಇದೆ, ಎರಡನೇ ಡೋಸ್ ಬಂದಿದ್ದು 2010ರ ಮೇಲೆ, ಅಂದ್ರೆ ಇಪ್ಪತ್ತೈದು ವರ್ಷ ನಾವು ಒಂದೇ ಡೋಸಲ್ಲಿ ದಿನ ದೂಡಿದ್ವಿ.

ಆ ಒಂದೇ ಡೋಸಿನ ಕಾಲದ ಮಕ್ಕಳನ್ನ ಒಂದೇ ಏಟಿಗೆ ಸರಿ ಮಾಡೋಕೆ ಅಂತ 2017ರ ಫೆಬ್ರವರೀಲಿ ದೊಡ್ಡ ಅಭಿಯಾನ ಶುರುವಾಗಿದ್ದು, ಅದೂ ನಮ್ ರಾಜ್ಯದಿಂದಾನೇ. ಕರ್ನಾಟಕ, ತಮಿಳುನಾಡು, ಪುದುಚೇರಿ, ಗೋವಾ, ಲಕ್ಷದ್ವೀಪ, ಈ ಐದೂ ಸೇರಿ 3.6 ಕೋಟಿ ಮಕ್ಳು, ಆಮೇಲೆ ಬೇರೆ ರಾಜ್ಯಗಳು ಸರದಿ ಪ್ರಕಾರ, ಒಟ್ಟು ಗುರಿ 41 ಕೋಟಿ. 9 ತಿಂಗಳಿಂದ 15 ವರ್ಷದವರೆಗೆ ಮುಂಚೆ ಹಾಕ್ಸಿದ್ರೂ ಬಿಟ್ರೂ ಎಲ್ರಿಗೂ ಒಂದು ಡೋಸ್. ಹಾಗಾಗಿ ಕೆಲಸ ಬಂದು ಬಿದ್ದಿದ್ದು ಸ್ಕೂಲುಗಳ ಮೇಲೆ. ಮೂರು ರೂಮ್ ಖಾಲಿ ಮಾಡ್ಕೊಡಿ ಅಂದ್ರು, ಒಂದರಲ್ಲಿ ಕಾಯೋದು, ಇನ್ನೊಂದರಲ್ಲಿ ಚುಚ್ಚೋದು, ಮೂರನೇದರಲ್ಲಿ ಅರ್ಧ ಗಂಟೆ ಕೂರೋದು. ಇದನ್ನ ಯೋಚನೆ ಮಾಡಿದೋರು ಮಕ್ಕಳನ್ನ ಬಲ್ಲೋರೇ ಇರ್ಬೇಕು, ಯಾಕಂದ್ರೆ ಕ್ಯೂನಲ್ಲಿರೋ ಮಗೂಗೆ ಸೂಜಿ ಕಂಡ್ರೆ ಮುಗೀತು, ಒಂದು ಅತ್ರೆ ನಲವತ್ತು ಅಳ್ತಾವೆ. ಅಳೋ ಚಿಕ್ಕೋರಿಗಿಂತ ನನಗೆ ಭಯ ಇದ್ದಿದ್ದು ಏಳನೇ ಕ್ಲಾಸಿನ ಹುಡುಗ್ರದ್ದು, ಬೆಳಿಗ್ಗೆ ತಿಂಡಿ ತಿನ್ದೆ ಬಂದು, ನಂಗೇನ್ ಭಯನಾ ಸಾ ಅಂತ ಮೀಸೆ ತಿರುವಿ, ಚುಚ್ಚಿದ ತಕ್ಷಣ ಧೊಪ್ಪಂತ ಬೀಳ್ತಾರಲ್ಲ ಅವ್ರು. ಒಬ್ಬ ಬಿದ್ದಿದ್ದನ್ನ ಯಾರಾದ್ರೂ ಮೊಬೈಲಲ್ಲಿ ವಿಡಿಯೋ ಮಾಡಿದ್ರೆ ಸಾಕು, ಸಂಜೆ ಹೊತ್ತಿಗೆ ಪಕ್ಕದ ಜಿಲ್ಲೇಲಿ ಆ ಹುಡುಗ ಸತ್ತೋಗಿರ್ತಾನೆ.

ಉತ್ಪ್ರೇಕ್ಷೆ ಅಲ್ಲ ಇದು. ಆ ಫೆಬ್ರವರೀಲಿ ಇಲ್ಲೂ ತಮಿಳುನಾಡಲ್ಲೂ ವಾಟ್ಸಾಪಲ್ಲಿ ಓಡಾಡಿದ ಮೆಸೇಜ್‌ಗಳನ್ನ ಈಗ ನೆನೆಸ್ಕೊಂಡ್ರೆ ನಗು ಬರತ್ತೆ, ಆವಾಗ ನಗು ಬಂದಿರ್ಲಿಲ್ಲ. ಇದು ಬೇರೆ ದೇಶದಲ್ಲಿ ಬ್ಯಾನ್ ಆಗಿರೋ ಔಷಧಿ ಅಂತೆ, ಮುಂದೆ ಮಕ್ಕಳಾಗಲ್ವಂತೆ, ನಮ್ ಮಕ್ಕಳ ಮೇಲೆ ಪ್ರಯೋಗ ಅಂತೆ. ಒಬ್ಬ ತಾಯಿ ಗೇಟಲ್ಲೇ ನಿಂತು "ಮೇಷ್ಟ್ರೇ, ನಿಮ್ ಮಕ್ಳಿಗೆ ಹಾಕ್ಸಿದೀರಾ, ಅದನ್ನ ಹೇಳಿ ಮೊದ್ಲು" ಅಂದ್ರು. ಎಷ್ಟು ನ್ಯಾಯವಾದ ಪ್ರಶ್ನೆ ಅಲ್ವಾ, ಕರಪತ್ರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಹಾಕ್ಸಿದೀನಿ ಕಣಮ್ಮ, ನಿನ್ನೆ ಇದೇ ರೂಮಲ್ಲಿ ಅಂದೆ, ಮಗಳನ್ನ ಕರೆದು ತೋರಿಸ್ದೆ, ಆಮೇಲೆ ಒಳಗೆ ಬಂದ್ರು. ಆ ಮೆಸೇಜ್ ನಂಬಿದ ಅಪ್ಪ ಅಮ್ಮಂದಿರನ್ನ ದಡ್ಡರು ಅನ್ನೋದು ಸುಲಭ. ಸರ್ಕಾರ ವಾರದ ಮುಂಚೆ ಒಂದು ಚೀಟಿ ಕಳಿಸಿ ನಿಮ್ ಮಗೂಗೆ ಚುಚ್ತೀವಿ ಅಂದ್ರೆ ಕೇಳೋ ಹಕ್ಕು ಅವ್ರಿಗಿದೆ. 2019ರ ಜನವರೀಲಿ ದೆಹಲಿ ಹೈಕೋರ್ಟ್ ಇದೇ ಕಾರಣಕ್ಕೆ ಅಲ್ಲಿನ ಸ್ಕೂಲುಗಳಲ್ಲಿ ಅಭಿಯಾನ ನಿಲ್ಲಿಸ್ತು, ಪೋಷಕರ ಒಪ್ಪಿಗೆ ತಗೊಳಿ, ಅಡ್ಡಪರಿಣಾಮ ಏನಿದೆ ಅಂತ ತಿಳಿಸಿ ಅಂತ ಹೇಳ್ತು. ಡಾಕ್ಟರ್ ಗೆಳೆಯರೊಬ್ರು ಇದ್ರಿಂದ ಕೆಲಸ ಹಿಂದೆ ಬಿತ್ತು ಅಂತ ಬೇಜಾರು ಮಾಡ್ಕೊಂಡಿದ್ರು, ನನಗೇನೋ ಕೋರ್ಟ್ ಹೇಳಿದ್ದು ಸರಿ ಅನ್ಸತ್ತೆ, ಒಂದು ಪೋಷಕರ ಸಭೆ ಕರೆದು ಅರ್ಧ ಗಂಟೆ ಮಾತಾಡಿದ್ರೆ ವಾಟ್ಸಾಪಿಗೆ ಅಷ್ಟು ಜಾಗಾನೇ ಸಿಗ್ತಿರ್ಲಿಲ್ಲ. ಇನ್ನು ಲಸಿಕೆಯಿಂದ ಆಟಿಸಂ ಬರತ್ತೆ ಅನ್ನೋ ಮಾತಿದ್ಯಲ್ಲ, ಅದು ಇಂಗ್ಲೆಂಡಿನ ವೇಕ್‌ಫೀಲ್ಡ್ ಅನ್ನೋ ಡಾಕ್ಟರು 1998ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದಿದ್ದು, 2010ರಲ್ಲಿ ಆ ಪತ್ರಿಕೆನೇ ಲೇಖನ ವಾಪಸ್ ತಗೊಳ್ತು, ಅವನ ಲೈಸೆನ್ಸೂ ಹೋಯ್ತು. ಅದಕ್ಕೆ ಇದಕ್ಕಿಂತ ಜಾಸ್ತಿ ಜಾಗ ಕೊಡಲ್ಲ ನಾನು.

ದಡಾರದ ಲಸಿಕೆ ಜೊತೆ ರುಬೆಲ್ಲಾದ್ದನ್ನೂ ಯಾಕೆ ಸೇರಿಸಿದ್ರು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಮಕ್ಕಳಿಗೆ ಬಂದ್ರೆ ಸಣ್ಣ ಜ್ವರ, ಮೂರು ದಿನ ಗುಳ್ಳೆ, ಹೋಯ್ತು. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಬಂದ್ರೆ ಮಾತ್ರ ಹೊಟ್ಟೇಲಿರೋ ಮಗೂಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದ್ರೆ. ಇದನ್ನ ಕಂಡು ಹಿಡಿದಿದ್ದು ಸಿಡ್ನಿಯ ಕಣ್ಣಿನ ಡಾಕ್ಟರು ನಾರ್ಮನ್ ಗ್ರೆಗ್, 1941ರಲ್ಲಿ. ಇಷ್ಟೊಂದು ಹಸುಗೂಸುಗಳಿಗೆ ಒಟ್ಟೊಟ್ಟಿಗೆ ಪೊರೆ ಯಾಕೆ ಅಂತ ಯೋಚಿಸಿ, ತಾಯಂದಿರು ಹೇಳಿದ್ದನ್ನ ಕಿವಿಗೊಟ್ಟು ಕೇಳಿದ್ರು, ಬಸುರೀಲಿ ರುಬೆಲ್ಲಾ ಬಂದಿತ್ತು ಅನ್ನೋದು ಹಾಗೆ ಹೊರಗೆ ಬಂತು. ಮೊದ್ಲು ಜಗತ್ತಿನ ಡಾಕ್ಟರುಗಳು ಪೂರ್ತಿ ನಂಬ್ಲಿಲ್ಲ. ನಮ್ ಕಡೆ ಕಿವುಡು ಮಕ್ಕಳ ಶಾಲೆಗೆ ಹೋಗಿ ಬಂದಾಗೆಲ್ಲ ಇದು ನೆನಪಾಗತ್ತೆ, ಇದ್ರಲ್ಲಿ ಎಷ್ಟು ಮಕ್ಕಳ ಕಿವಿ ಒಂದು ಸೂಜಿಯಿಂದ ಉಳೀತಿತ್ತೋ ಅಂತ. ಗಂಡು ಮಕ್ಕಳಿಗೆ ಯಾಕೆ ಹಾಕ್ಬೇಕು ಅಂತ ಕೇಳೋರಿಗೆ ಉತ್ತರ ಸುಲಭ, ಆ ಬಸುರಿಗೆ ಕಾಯಿಲೆ ತಂದು ಕೊಡೋದು ಮನೇಲಿರೋ ಚಿಕ್ಕ ಹುಡುಗನೇ.

ನಮ್ಮ ಹಳ್ಳಿಗಳಲ್ಲಿ ಮೈಮೇಲೆ ಗುಳ್ಳೆ ಎದ್ರೆ ಅಮ್ಮ ಬಂದವ್ಳೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸ್ತಾರೆ, ಒಗ್ಗರಣೆ ಹಾಕಲ್ಲ, ಹೊರಗಿನೋರನ್ನ ಒಳಗೆ ಬಿಡಲ್ಲ. ನಾನು ಇದನ್ನ ಹೀಯಾಳಿಸೋಕೆ ಹೋಗಲ್ಲ, ಹೊರಗಿನೋರನ್ನ ಬಿಡದೇ ಇರೋದು ದಡಾರಕ್ಕೆ ಒಳ್ಳೇ ಐಸೋಲೇಷನ್ನೇ. ತೊಂದ್ರೆ ಇರೋದು ಎಲ್ಲಿ ಅಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬಾರ್ದು, ಮಾತ್ರೆ ಕೊಡ್ಬಾರ್ದು ಅನ್ನೋದ್ರಲ್ಲಿ. ದಡಾರ ಬಂದ ಮಗೂಗೆ ವಿಟಮಿನ್ ಎ ಎರಡು ದಿನ ಒಂದೊಂದು ಡೋಸ್ ಕೊಟ್ರೆ ಕಣ್ಣು ಹೋಗೋದೂ ಜೀವ ಹೋಗೋದೂ ಎರಡೂ ಕಮ್ಮಿ ಆಗತ್ತೆ, ಪಿಎಚ್‌ಸೀಲಿ ಸಿಗೋ ಅದೇ ಹಳದಿ ಎಣ್ಣೆ ಅದು. ಗುಳ್ಳೆಯಿಂದ ಯಾರೂ ಸಾಯಲ್ಲ, ಸಾಯೋದು ಆಮೇಲೆ ಬರೋ ನ್ಯುಮೋನಿಯಾ, ಭೇದಿಯಿಂದ. ದಡಾರ ಹೋದ ಮೇಲೂ ಮಗು ತಿಂಗಳುಗಟ್ಲೆ ಒಂದಲ್ಲ ಒಂದು ಕಾಯಿಲೆ ಬೀಳ್ತಿರತ್ತೆ ಅಂತ ಅಜ್ಜಿಯಂದ್ರು ಹೇಳ್ತಿದ್ರಲ್ಲ, ಅದು ನಿಜಾನೇ. 2019ರಲ್ಲಿ ಬಂದ ಸಂಶೋಧನೇಲಿ ನೋಡಿದ್ರು, ದಡಾರ ಬಂದು ಹೋದ ಮಕ್ಕಳ ಮೈಯಲ್ಲಿ ಬೇರೆ ಕಾಯಿಲೆಗಳ ವಿರುದ್ಧ ಮೊದಲೇ ಇದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರವರೆಗೆ ಅಳಿಸಿ ಹೋಗಿತ್ತು. ಮೈ ಕಲ್ತಿದ್ದನ್ನೆಲ್ಲ ಮರೆಸಿ ಹೋಗತ್ತೆ ಈ ಕಾಯಿಲೆ.

ಕೋವಿಡಲ್ಲಿ ಗುರುವಾರದ ಲಸಿಕೆಗಳು ತಪ್ಪಿದ್ವಲ್ಲ, ಅದರ ಬಿಲ್ಲು ಬಂದಿದ್ದು 2022ರ ಕೊನೇಲಿ, ಮುಂಬೈನ ಗೋವಂಡಿ ಕಡೆ. ಒಂದೊಂದು ರೂಮಲ್ಲಿ ಆರೆಂಟು ಜನ, ಲಸಿಕೆ ಬಿಟ್ಟ ಮಕ್ಳು, ಎಷ್ಟೋ ಮಕ್ಳು ತೀರ್ಕೊಂಡ್ರು, ಒಂಬತ್ತು ತಿಂಗಳು ತುಂಬದೇ ಇರೋ ಕೂಸುಗಳಿಗೂ ಬಂತು. ರಾಂಚಿ, ಅಹಮದಾಬಾದ್, ಮಲಪ್ಪುರಂಗೂ ಕೇಂದ್ರದ ತಂಡಗಳು ಓಡಿದ್ವು. ಮಲಪ್ಪುರಂ ಅಂದ್ರೆ ಕೇರಳ, ಅಷ್ಟು ಆಸ್ಪತ್ರೆ ಅಷ್ಟು ಓದು ಇರೋ ರಾಜ್ಯ. ದೊಡ್ಡ ದೇಶಗಳದ್ದೂ ಇದೇ ಕತೆ, ಅಮೆರಿಕ 2000ದಲ್ಲೇ ದಡಾರ ಹೋಯ್ತು ಅಂತ ಘೋಷಿಸಿತ್ತು, 2025ರಲ್ಲಿ ಟೆಕ್ಸಾಸಲ್ಲಿ ಲಸಿಕೆ ಹಾಕಿಸ್ದೇ ಇದ್ದ ಇಬ್ಬರು ಮಕ್ಳು ಸತ್ರು, ಕೆನಡಾ ಅಂತೂ ಅದೇ ವರ್ಷದ ನವೆಂಬರಲ್ಲಿ ದಡಾರ ಹೋಗಲಾಡಿಸಿದ ದೇಶ ಅನ್ನೋ ಪಟ್ಟಾನೇ ಕಳ್ಕೊಂಡ್ತು. ಇತ್ತ ನಮ್ ಪಕ್ಕದಲ್ಲಿ ಭೂತಾನ್, ಮಾಲ್ಡೀವ್ಸ್ 2017ರಲ್ಲೂ ಶ್ರೀಲಂಕಾ 2019ರಲ್ಲೂ ದಡಾರ ಹೋಗಲಾಡಿಸಿದ ದೇಶ ಅಂತ ಹೆಸರು ತಗೊಂಡ್ವು.

ಹೋಯ್ತು ಅಂತ ಹೇಳೋದಕ್ಕೂ ಒಂದು ಲೆಕ್ಕ ಇದೆ, ನನಗೆ ಇದೇ ಬಹಳ ಇಷ್ಟ ಆಗಿದ್ದು. ಕೇಸು ಸೊನ್ನೆ ಅಂತ ಜಿಲ್ಲೆ ಬರೆದು ಕಳಿಸಿದ್ರೆ ಸಾಲಲ್ಲ, ಹುಡುಕಿದ್ರೂ ಸಿಗ್ಲಿಲ್ಲ ಅಂತ ತೋರಿಸ್ಬೇಕು. ಅದಕ್ಕೆ ಜ್ವರ ಮತ್ತು ಗುಳ್ಳೆ ಇರೋ ಯಾವ ಮಗು ಕಂಡ್ರೂ ರಕ್ತ ತೆಗೆದು ಲ್ಯಾಬಿಗೆ ಕಳಿಸ್ಬೇಕು, ವರ್ಷಕ್ಕೆ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಎರಡಾದ್ರೂ "ಇದು ದಡಾರಾನೂ ಅಲ್ಲ ರುಬೆಲ್ಲಾನೂ ಅಲ್ಲ" ಅಂತ ವಾಪಸ್ ಬರ್ಬೇಕು. ಅಷ್ಟು ಬರ್ಲಿಲ್ಲ ಅಂದ್ರೆ ಆ ಜಿಲ್ಲೆ ಹುಡುಕ್ತಾನೇ ಇಲ್ಲ ಅಂತ ಅರ್ಥ, ಅವ್ರ ಸೊನ್ನೆಗೆ ಬೆಲೆ ಇಲ್ಲ. 2025ರ ಮೊದಲ ಮೂರು ತಿಂಗಳಲ್ಲಿ 332 ಜಿಲ್ಲೆಗಳಲ್ಲಿ ದಡಾರ ಸೊನ್ನೆ, 487ರಲ್ಲಿ ರುಬೆಲ್ಲಾ ಸೊನ್ನೆ ಅಂತ ಸರ್ಕಾರ ಹೇಳಿತ್ತು. ಒಳ್ಳೇ ಸುದ್ದಿ. ಆದ್ರೆ ಅದ್ರಲ್ಲಿ ಎಷ್ಟು ಹುಡುಕಿದ ಸೊನ್ನೆ, ಎಷ್ಟು ಕಣ್ಮುಚ್ಚಿದ ಸೊನ್ನೆ ಅನ್ನೋದೂ ಜೊತೇಲೇ ಕೇಳ್ಬೇಕಾದ ಪ್ರಶ್ನೆ.

ಲಸಿಕೆ ಸಿಗದೇ ಉಳಿದು, ಲೆಕ್ಕಕ್ಕೂ ಸಿಗದೇ ಇರೋ ಮಕ್ಳು ಯಾರು ಅಂತ ನೋಡೋಕೆ ಮಂಡ್ಯ ಕಡೆ ಬನ್ನಿ. ಕಬ್ಬು ಕಡಿಯೋ ಗ್ಯಾಂಗು ಬಳ್ಳಾರಿ ಕಡೆಯಿಂದ ಬರತ್ತೆ, ಆಲೆಮನೆಗಳಿಗೆ ಉತ್ತರ ಪ್ರದೇಶದಿಂದ ಕುಟುಂಬಗಳು ಬರ್ತಾವೆ, ಗದ್ದೆ ಬದೀಲೇ ಟಾರ್ಪಾಲು. ಅವ್ರ ಊರಿನ ಆಶಾ ಪುಸ್ತಕದಲ್ಲಿ ಈ ಮಕ್ಳು "ವಲಸೆ ಹೋಗಿದಾರೆ", ಇಲ್ಲಿನ ಆಶಾ ಪುಸ್ತಕದಲ್ಲಿ ಇವ್ರ ಹೆಸರೇ ಇಲ್ಲ, ಯಾಕಂದ್ರೆ ಅವಳ ಲಿಸ್ಟು ಮನೆ ನಂಬರಿನ ಮೇಲೆ, ಟಾರ್ಪಾಲಿಗೆ ನಂಬರಿಲ್ಲ. ಹಾಗಾಗಿ ಪರ್ಸೆಂಟೇಜಿನ ಕೆಳಗಿರೋ ಆ ನೂರರಲ್ಲೂ ಇವ್ರಿಲ್ಲ, ಮೇಲಿರೋ 93ರಲ್ಲೂ ಇಲ್ಲ. ಲಸಿಕೆ ಬಾಟ್ಲಿ ಇದೆ, ಸೂಜಿ ಇದೆ, ದುಡ್ಡಿದೆ, ಇಲ್ದೇ ಇರೋದು ಹೆಸರು. ನಮ್ಮೂರ ಆಶಾ ಅಕ್ಕ ಒಬ್ರು ಆಲೆಮನೆ ಯಜಮಾನ್ರ ಹತ್ರ ಜಗಳ ಆಡಿ ಮಕ್ಳ ಹೆಸರು ಬರ್ಕೊಂಡು ಬರ್ತಾರೆ, ಹಿಂದಿ ಬರಲ್ಲ, "ಬಚ್ಚಾ ಕಿತ್ನಾ" ಅನ್ನೋದೊಂದು ಬರತ್ತೆ, ಅಷ್ಟರಲ್ಲೇ ನಡೆಸ್ತಾರೆ. ಇದಕ್ಕೆ ಅವ್ರಿಗೆ ಸಿಗೋ ಪ್ರೋತ್ಸಾಹಧನ ಕೇಳಿದ್ರೆ ನೀವು ನಾಚ್ಕೋಬೇಕು. ಬೆಂಗಳೂರಲ್ಲಿ ಇದರ ಉಲ್ಟಾ ನೋಡಿದೆ, ತಂಗಿ ಇರೋ ಅಪಾರ್ಟ್ಮೆಂಟಲ್ಲಿ ಸೆಕ್ಯೂರಿಟಿಯೋರು ಆಶಾನ ಗೇಟಿನ ಒಳಗೇ ಬಿಡಲ್ವಂತೆ, ಇಲ್ಲಿರೋರೆಲ್ಲ ಪ್ರೈವೇಟಲ್ಲಿ ಹಾಕಿಸ್ಕೋತಾರೆ ಅಂತ. ಇರ್ಬೋದು. ಹಾಗಿದ್ರೆ ಮನೆಕೆಲಸದೋರ ಮಕ್ಳು, ಹಿಂದಿನ ಸೈಟಿನ ಶೆಡ್ಡಲ್ಲಿರೋ ಮೇಸ್ತ್ರಿ ಮಕ್ಳು?

ಕೇಳೋರಿಗೆ ಉಪಯೋಗ ಆಗೋ ಒಂದೆರಡು ಮಾತು. ತಾಯಿ ಕಾರ್ಡ್ ಕಳೆದು ಹೋಗಿ ಹಾಕ್ಸಿದೀವೋ ಇಲ್ವೋ ಗೊತ್ತಿಲ್ಲ ಅಂದ್ರೆ ಇನ್ನೊಂದ್ಸಲ ಹಾಕ್ಸಿ, ಡಬಲ್ ಆದ್ರೆ ಏನೂ ಆಗಲ್ಲ. ಟೈಮ್ ಮೀರಿದ್ರೂ ಐದು ವರ್ಷದವರೆಗೆ ಸರ್ಕಾರಿ ಆಸ್ಪತ್ರೇಲಿ ಫ್ರೀಯಾಗೇ ಹಾಕ್ತಾರೆ. ನೆಗಡಿ, ಸಣ್ಣ ಕೆಮ್ಮು ಇದೆ ಅಂತ ಮುಂದಕ್ಕೆ ಹಾಕ್ಬೇಡಿ. ಹಾಕ್ಸಿದ ವಾರದ ಮೇಲೆ ಸ್ವಲ್ಪ ಜ್ವರ, ಒಂದೆರಡು ಕೆಂಪು ಗುಳ್ಳೆ ಬಂದ್ರೂ ಬರ್ಬೋದು, ಗಾಬರಿ ಬೇಡ. ಮಗೂಗೆ ತಿಂಡಿ ತಿನ್ನಿಸ್ಕೊಂಡು ಹೋಗಿ, ಅರ್ಧ ಗಂಟೆ ಕೂತಿದ್ದು ಬನ್ನಿ. ಪಕ್ಕದಲ್ಲಿ ಆಲೆಮನೆ, ಇಟ್ಟಿಗೆ ಗೂಡು, ಬಿಲ್ಡಿಂಗ್ ಸೈಟ್ ಇದ್ರೆ ಅಲ್ಲಿ ಚಿಕ್ಕ ಮಕ್ಳಿದಾರೆ ಅಂತ ನಿಮ್ಮ ಆಶಾಗೆ ಒಂದು ಫೋನ್ ಹಾಕಿ, ಗುರುವಾರಕ್ಕಿಂತ ಮುಂಚೆ ಹೇಳಿದ್ರೆ ಅಷ್ಟು ಡೋಸ್ ಜಾಸ್ತಿ ತರಿಸ್ಕೋತಾರೆ.